ಸಿಗರೇಟು ಬಿಟ್ಟವರ ತೆರಿಗೆ ಎಲ್ಲಿ ಹೋಯಿತು?

ಪಿರಿಯಾಪಟ್ಟಣದ ಕಡೆಯ ಓದುಗರೊಬ್ಬರ ಪತ್ರದ ಸಾರ: “ಬ್ರಿಟನ್ನಿನಲ್ಲಿ ವೇಪ್, ಅಂದರೆ ಇ-ಸಿಗರೇಟಿನ ದ್ರವಕ್ಕೂ ಸುಂಕ ಬರುತ್ತಿದೆ ಎಂದು ಕಳೆದ ಸಂಚಿಕೆಯಲ್ಲಿ ನಾಲ್ಕು ಸಾಲು ಬರೆದು ಸುಮ್ಮನಾಗಿದ್ದೀರಿ. ಸೇದಬೇಡಿ ಎನ್ನುವ ಸರ್ಕಾರಗಳೇ, ಜನ ಸೇದುವುದು ಬಿಟ್ಟರೆ ಯಾಕೆ ಕಂಗಾಲಾಗುತ್ತವೆ? ನಮ್ಮಲ್ಲಿ ವೇಪ್ ನಿಷೇಧಿಸಿದ್ದೂ ತೆರಿಗೆ ಉಳಿಸಿಕೊಳ್ಳಲಿಕ್ಕೇ ಎಂದು ಊರಲ್ಲಿ ಮಾತಿದೆ, ನಿಜವೆ? ಹೊಗೆಸೊಪ್ಪು ಬೆಳೆಯುವ ನಮ್ಮ ಗತಿ ಏನು?”

ಪ್ರಿಯ ಓದುಗರೆ,

ನಾಲ್ಕು ಸಾಲಿಗೆ ಮುಗಿಯುವ ವಿಷಯ ಅದಲ್ಲ ಎಂಬ ನಿಮ್ಮ ಆಕ್ಷೇಪ ಸರಿಯಾಗಿದೆ. ಮೊದಲು ಒಂದು ಪ್ಯಾಕಿನ ಲೆಕ್ಕ ನೋಡೋಣ. ಮಿಕ್ಕದ್ದೆಲ್ಲ ಅದರ ಮೇಲೆಯೇ ನಿಂತಿದೆ.

ಬ್ರಿಟನ್ನಿನಲ್ಲಿ 20 ಸಿಗರೇಟಿನ ಪ್ಯಾಕಿನ ಬೆಲೆ 16 ಪೌಂಡ್ ಎಂದಿಟ್ಟುಕೊಳ್ಳಿ. 2024ರ ಅಕ್ಟೋಬರ್ ಬಜೆಟ್ಟಿನ ದರದಲ್ಲಿ ಸಾವಿರ ಸಿಗರೇಟಿಗೆ 334.58 ಪೌಂಡ್ ನಿಗದಿತ ಸುಂಕವಿತ್ತು. ಪ್ಯಾಕಿಗೆ ಅದು 6.69 ಪೌಂಡ್ ಆಗುತ್ತದೆ. ಅದರ ಮೇಲೆ ಮಾರಾಟ ಬೆಲೆಯ ಶೇ. 16.5, ಅಂದರೆ 2.64 ಪೌಂಡ್. ಬೆಲೆಯೊಳಗೇ ಸೇರಿರುವ ವ್ಯಾಟ್ (ನಮ್ಮ ಜಿಎಸ್‌ಟಿಯಂಥ ತೆರಿಗೆ) ಬೆಲೆಯ ಆರನೇ ಒಂದು ಭಾಗ, 2.67 ಪೌಂಡ್. ಕೂಡಿದರೆ 12 ಪೌಂಡ್. ಅಂಗಡಿಯವ, ಕಂಪನಿ, ಸಾಗಣೆದಾರ ಎಲ್ಲರೂ ಸೇರಿ ಹಂಚಿಕೊಳ್ಳುವುದು ಉಳಿದ ನಾಲ್ಕೇ ಪೌಂಡನ್ನು. ದಿನಕ್ಕೊಂದು ಪ್ಯಾಕ್ ಸೇದುವವನು ವರ್ಷಕ್ಕೆ 4,380 ಪೌಂಡ್ ತೆರಿಗೆ ಕಟ್ಟುತ್ತಾನೆ.

ಈಗ ಅವನು ವೇಪ್‌ಗೆ ಬದಲಾದ ಎನ್ನಿ. ವಾರಕ್ಕೆ 10 ಮಿ.ಲೀ. ದ್ರವದ ಮೂರು ಬಾಟಲಿ, ಒಂದಕ್ಕೆ 4 ಪೌಂಡ್. ಸುಂಕವೇ ಇಲ್ಲ, ಇರುವುದು ವ್ಯಾಟ್ ಮಾತ್ರ. ವರ್ಷಕ್ಕೆ ಸರ್ಕಾರಕ್ಕೆ ಸಿಗುವುದು 104 ಪೌಂಡ್. 2026ರ ಅಕ್ಟೋಬರ್ 1ರಿಂದ ಬರುವ ಹೊಸ ಸುಂಕ 10 ಮಿ.ಲೀ.ಗೆ 2.20 ಪೌಂಡ್. ಆ ಸುಂಕದ ಮೇಲೂ ವ್ಯಾಟ್ ಬೀಳುವುದರಿಂದ ಬಾಟಲಿಗೆ 2.64 ಪೌಂಡ್ ಹೆಚ್ಚುತ್ತದೆ. ಆಗಲೂ ವರ್ಷಕ್ಕೆ ಬರುವುದು 516 ಪೌಂಡ್ ಆಸುಪಾಸು. ಹಳೆಯ 4,380 ಪೌಂಡನ್ನು ಈ ಬಾಟಲಿಗಳಿಂದಲೇ ಎತ್ತಬೇಕೆಂದರೆ ಒಂದೊಂದಕ್ಕೂ 28 ಪೌಂಡ್ ತೆರಿಗೆ ಹಾಕಬೇಕು. 4 ಪೌಂಡಿನ ಸಾಮಾನಿಗೆ ಅಷ್ಟು ಯಾರೂ ಕೊಡುವುದಿಲ್ಲ. ಒಂದೋ ಸಿಗರೇಟಿಗೆ ಮರಳುತ್ತಾರೆ, ಇಲ್ಲವೇ ಕಳ್ಳಮಾಲು ಕೊಳ್ಳುತ್ತಾರೆ. ಹಾಗಾಗಿ ವೇಪ್ ಸುಂಕದಿಂದ ಸಿಗರೇಟಿನ ಖೋತಾ ತುಂಬುತ್ತದೆ ಎಂದು ಯಾರಾದರೂ ಹೇಳಿದರೆ ನಂಬಬೇಡಿ.

ನಷ್ಟವನ್ನು ಹಿಗ್ಗಿಸಿಯೂ ಹೇಳಬಾರದು. ಅವನ ಜೇಬಿನಲ್ಲಿ ಉಳಿದ ಐದು ಸಾವಿರ ಪೌಂಡ್ ಬೇರೆ ಕಡೆ ಖರ್ಚಾಗುತ್ತದೆ. ಎಲ್ಲವನ್ನೂ ವ್ಯಾಟ್ ಇರುವ ಸಾಮಾನಿಗೇ ಸುರಿದರೆ ಆರನೇ ಒಂದು ಭಾಗ, ಸುಮಾರು 870 ಪೌಂಡ್, ಬೊಕ್ಕಸಕ್ಕೆ ವಾಪಸು ಬರುತ್ತದೆ. ಬಾಡಿಗೆಗೆ, ದಿನಸಿಗೆ ಹೋದರೆ ಅಷ್ಟು ಬರುವುದಿಲ್ಲ.

ಗ್ರೇಟ್ ಬ್ರಿಟನ್ನಿನಲ್ಲಿ 2024ರಲ್ಲಿ ಮೊದಲ ಬಾರಿಗೆ ವೇಪ್ ಬಳಸುವವರು (ಶೇ. 10) ಸಿಗರೇಟು ಸೇದುವವರನ್ನು (ಶೇ. 9.1) ಮೀರಿಸಿದರು. ಈ ಒಂದು ಪ್ಯಾಕಿನ ಲೆಕ್ಕವನ್ನು ಲಕ್ಷಾಂತರ ಜನರಿಗೆ ಗುಣಿಸಿದರೆ ಅಲ್ಲಿನ ಹಣಕಾಸು ಮಂತ್ರಿಗಳ ಚಿಂತೆ ಅರ್ಥವಾಗುತ್ತದೆ.

ಆದರೂ ಬ್ರಿಟನ್ ಒಂದು ವಿಚಾರದಲ್ಲಿ ವಿವೇಕ ತೋರಿತು. ವೇಪ್ ಸುಂಕ ಶುರುವಾಗುವ ದಿನವೇ ನೂರು ಸಿಗರೇಟಿಗೂ 2.20 ಪೌಂಡ್ ಸುಂಕ ಏರಿಸುವ ನಿರ್ಧಾರ ಮಾಡಿತು. ಸಿಗರೇಟಿನಿಂದ ವೇಪ್‌ಗೆ ಬರುವವನಿಗೆ ಬೆಲೆಯ ಅಂತರ ಕುಗ್ಗದಿರಲಿ ಎಂಬುದು ಉದ್ದೇಶ. ಎಡವಿದ್ದು ಬೇರೆ ಕಡೆ. ಮೊದಲ ಯೋಜನೆಯಲ್ಲಿ ನಿಕೋಟಿನ್ ಪ್ರಮಾಣ ನೋಡಿ ಒಂದು, ಎರಡು, ಮೂರು ಪೌಂಡ್ ಎಂಬ ಮೂರು ಹಂತಗಳಿದ್ದವು. ಅದನ್ನು ಬಿಟ್ಟು ಎಲ್ಲಕ್ಕೂ ಒಂದೇ ದರ ಮಾಡಿದರು. ಅಲ್ಲಿ ದೊಡ್ಡ ಟ್ಯಾಂಕಿನ ಸಾಧನ ಬಳಸುವವರು ನಿಕೋಟಿನ್ ಇಲ್ಲದ 50 ಮಿ.ಲೀ. ಬಾಟಲಿ ಕೊಂಡು, 10 ಮಿ.ಲೀ. ನಿಕೋಟಿನ್ ದ್ರವ ಬೆರೆಸಿಕೊಳ್ಳುತ್ತಾರೆ. ಮಿಲಿಲೀಟರಿಗೆ ಮೂರು ಮಿಲಿಗ್ರಾಮಿನಷ್ಟು ತೆಳುವಾದ ದ್ರವ ಅದು, ಹಾಗಾಗಿ ಹೆಚ್ಚು ಬೇಕಾಗುತ್ತದೆ. ಈ 60 ಮಿ.ಲೀ.ಗೆ ವ್ಯಾಟ್ ಸೇರಿ 15.84 ಪೌಂಡ್ ಹೊರೆ. ನಿಕೋಟಿನ್ ಇಳಿಸುತ್ತಾ ಬಂದವರಿಗೇ ದೊಡ್ಡ ಪೆಟ್ಟು. ಗಾಢ ನಿಕೋಟಿನ್ನಿನ 2 ಮಿ.ಲೀ. ಸಾಧನ ಹಿಡಿದ ಹುಡುಗನಿಗೆ ಹೆಚ್ಚುವುದು 53 ಪೆನ್ಸ್. ಇದು ತಿರುಗುಮುರುಗಾಯಿತು ಎಂಬುದು ನಮ್ಮ ಅಭಿಪ್ರಾಯ.

ಇನ್ನು ನಿಮ್ಮ ಮುಖ್ಯ ಪ್ರಶ್ನೆ, ಸರ್ಕಾರ ಯಾಕೆ ಕಂಗಾಲಾಗಬೇಕು ಎಂಬುದು. ಆದಾಯ ನಿಧಾನವಾಗಿ ಇಳಿದರೆ ಯಾವ ಸರ್ಕಾರವೂ ತಾಳಿಕೊಳ್ಳಬಲ್ಲದು. ಮುಂದೆಂದೋ ಬರಬೇಕಾದ ಹಣವನ್ನು ಇಂದೇ ಅಡವಿಟ್ಟು ಖರ್ಚು ಮಾಡಿದ್ದರೆ ತಾಳಿಕೊಳ್ಳಲಾಗದು. ಅಮೆರಿಕದ ರಾಜ್ಯಗಳು ಮಾಡಿದ್ದು ಅದನ್ನೇ.

1998ರ ನವೆಂಬರಿನಲ್ಲಿ 46 ರಾಜ್ಯಗಳು ಸಿಗರೇಟು ಕಂಪನಿಗಳ ಜೊತೆ ರಾಜಿ ಒಪ್ಪಂದ ಮಾಡಿಕೊಂಡವು. ಧೂಮಪಾನದ ರೋಗಗಳಿಗೆ ರಾಜ್ಯಗಳು ಮಾಡಿದ ಆಸ್ಪತ್ರೆ ಖರ್ಚಿಗೆ ಪರಿಹಾರವಾಗಿ ಮೊದಲ 25 ವರ್ಷಗಳಲ್ಲಿ ಸುಮಾರು 20,600 ಕೋಟಿ ಡಾಲರ್, ಆಮೇಲೂ ನಿಲ್ಲದೆ ಪ್ರತಿ ಏಪ್ರಿಲ್ 15ಕ್ಕೆ ಕಂತು. ಆದರೆ ಕಂತಿನ ಮೊತ್ತ ಸ್ಥಿರವಲ್ಲ. ಬೆಲೆಯೇರಿಕೆಗೆ ತಕ್ಕಂತೆ ವರ್ಷಕ್ಕೆ ಕನಿಷ್ಠ ಶೇ. 3 ಏರುತ್ತದೆ, ಮಾರಾಟವಾದ ಸಿಗರೇಟು ಕಡಿಮೆಯಾದಂತೆ ಇಳಿಯುತ್ತದೆ. ಮೂಲ ಪ್ರಮಾಣ 47,565.6 ಕೋಟಿ ಸಿಗರೇಟು. ಮಾರಾಟ ಅದಕ್ಕಿಂತ ಎಷ್ಟು ಪಾಲು ಕುಸಿಯಿತೋ ಅದನ್ನು 0.98ರಿಂದ ಗುಣಿಸಿ ಕಳೆಯಬೇಕು. ಮಾರಾಟ ಅರ್ಧವಾದರೆ 100 ಡಾಲರಿನ ಕಂತು 51 ಆಗುತ್ತದೆ. ಬಿಡಿ ತಂಬಾಕು ಸುತ್ತಿ ಸೇದುವವರನ್ನೂ ಬಿಟ್ಟಿಲ್ಲ, 0.0325 ಔನ್ಸ್ ತಂಬಾಕನ್ನು ಒಂದು ಸಿಗರೇಟೆಂದು ಎಣಿಸುತ್ತಾರೆ. ವೇಪ್ ಮಾತ್ರ ಆ ವ್ಯಾಖ್ಯೆಯೊಳಗೆ ಬರುವುದಿಲ್ಲ, ಅದರಲ್ಲಿ ಸುತ್ತಿದ ತಂಬಾಕೇ ಇಲ್ಲ. ಆದ್ದರಿಂದ ಸಿಗರೇಟಿನಿಂದ ವೇಪ್‌ಗೆ ಹೋದ ಪ್ರತಿಯೊಬ್ಬನೂ ಕಂತಿನ ಲೆಕ್ಕದಿಂದ ಪೂರ್ತಿ ಹೊರಗೆ.

ಇಷ್ಟೇ ಆಗಿದ್ದರೆ ರಾಜ್ಯಗಳು ಸುಧಾರಿಸಿಕೊಳ್ಳುತ್ತಿದ್ದವು. ಅವು ಮುಂದಿನ ಕಂತುಗಳನ್ನು ತೋರಿಸಿ ಬಾಂಡ್ (ಸಾಲಪತ್ರ) ಮಾರಿದವು. ಒಹಾಯೊ 2007ರಲ್ಲಿ ಒಮ್ಮೆಗೇ ಸುಮಾರು 550 ಕೋಟಿ ಡಾಲರಿನ ಬಾಂಡ್ ಮಾರಿತು. ಕೆಲವು ರಾಜ್ಯಗಳು ಇನ್ನೂ ಅಪಾಯದ ಬಗೆಯನ್ನು ಹಿಡಿದವು. ಅದರಲ್ಲಿ ನಲವತ್ತು ಐವತ್ತು ವರ್ಷ ಬಡ್ಡಿಯನ್ನೂ ಕೊಡಬೇಕಾಗಿಲ್ಲ, ಅದು ಅಸಲಿಗೆ ಸೇರುತ್ತಾ ಹೋಗುತ್ತದೆ. ಊರಿನ ಚಕ್ರಬಡ್ಡಿ ನಿಮಗೆ ಗೊತ್ತೇ ಇದೆ. ಶೇ. 6.5ರಲ್ಲಿ ಒಂದು ಲಕ್ಷ 40 ವರ್ಷಕ್ಕೆ 12.4 ಲಕ್ಷವಾಗುತ್ತದೆ. ಹೀಗೆ ಸುಮಾರು 300 ಕೋಟಿ ಡಾಲರ್ ಪಡೆದ ರಾಜ್ಯಗಳು, ಪ್ರಾಂತ್ಯಗಳು ತೀರಿಸಬೇಕಾದ ಮೊತ್ತ 2014ರ ಲೆಕ್ಕದಲ್ಲಿ 6,400 ಕೋಟಿ ಡಾಲರ್ ಮುಟ್ಟಿತ್ತು. ಒಪ್ಪಂದದ ಹಣವನ್ನು ಧೂಮಪಾನ ಬಿಡಿಸಲಿಕ್ಕೇ ಬಳಸಬೇಕೆಂಬ ಷರತ್ತೂ ಇರಲಿಲ್ಲ. ಅದರಲ್ಲಿ ದೊಡ್ಡ ಪಾಲು ಬಜೆಟ್ ಕೊರತೆ ಮುಚ್ಚಲು, ರಸ್ತೆ ಕಟ್ಟಡಗಳಿಗೆ ಹೋಯಿತು. ರೋಗಿಗಳ ಹೆಸರಿನಲ್ಲಿ ಬಂದ ಹಣ ಅದು ಎಂಬುದನ್ನು ಮರೆಯಬಾರದು.

ಹೆಚ್ಚಿನ ಬಾಂಡುಗಳಲ್ಲಿ ಕಂತು ಸಾಲದೆ ಹೋದರೆ ನಷ್ಟ ಹೂಡಿಕೆದಾರನದು, ರಾಜ್ಯದ ಬೊಕ್ಕಸ ಹೊಣೆಯಲ್ಲ. ಆದರೂ ಬಾಂಡ್ ತೀರುವವರೆಗೆ ಅಡವಿಟ್ಟ ಕಂತು ರಾಜ್ಯದ ಕೈಗೆ ಬರುವುದಿಲ್ಲ. ಸಿಗರೇಟು ಬೇಗ ಕಡಿಮೆಯಾದಷ್ಟೂ ಬಾಂಡ್ ತೀರುವುದು ತಡ. ಜನರ ಆರೋಗ್ಯ ಕಾಯಬೇಕಾದ ರಾಜ್ಯ ಹೀಗೆ ಸಿಗರೇಟು ಮಾರಾಟದಲ್ಲಿ ಪಾಲುದಾರನಾಗಿ ಬಿಡುತ್ತದೆ.

ರಾಜಕೀಯ ಇಲ್ಲಿಂದಲೇ ಶುರು. ಕ್ಯಾಲಿಫೋರ್ನಿಯಾ 1998ರಲ್ಲಿ ಪ್ಯಾಕಿಗೆ 50 ಸೆಂಟ್ ಹಾಕಿ ಆ ಹಣವನ್ನು ಐದು ವರ್ಷದೊಳಗಿನ ಮಕ್ಕಳ ಕಾರ್ಯಕ್ರಮಗಳಿಗೆ ಕಟ್ಟಿತು. ಸೇದುವವರು ಕಡಿಮೆಯಾದಂತೆ ಮಕ್ಕಳ ಹಣವೂ ಕಡಿಮೆಯಾಗುತ್ತಾ ಬಂದಿದೆ. ಅಮೆರಿಕದ ಕೇಂದ್ರ ಸರ್ಕಾರ 2009ರ ಏಪ್ರಿಲ್ 1ರಂದು ಪ್ಯಾಕಿನ ತೆರಿಗೆಯನ್ನು 39 ಸೆಂಟಿನಿಂದ 1.01 ಡಾಲರಿಗೆ ಏರಿಸಿದ್ದೂ ಬಡ ಮಕ್ಕಳ ಆರೋಗ್ಯ ವಿಮೆಗೆ. ಒಳ್ಳೆಯ ಕೆಲಸವನ್ನು ಕುಗ್ಗಲೇಬೇಕಾದ ಆದಾಯಕ್ಕೆ ಕಟ್ಟಿಹಾಕುವುದು ತಪ್ಪು. ಇನ್ನೊಂದು ಕಡೆ ವೇಪ್ ಬಳಸುವವರೂ ಮತದಾರರೇ. 2019ರ ಸೆಪ್ಟೆಂಬರಿನಲ್ಲಿ ಟ್ರಂಪ್ ಸರ್ಕಾರ ಹಣ್ಣು, ಮಿಠಾಯಿ ರುಚಿಯ ವೇಪ್‌ಗಳನ್ನು ತೆಗೆಸುತ್ತೇವೆ ಎಂದಿತು. ‘ವೇಪ್ ಮಾಡುತ್ತೇವೆ, ಓಟೂ ಹಾಕುತ್ತೇವೆ’ ಎಂದು ಜನ ಬೀದಿಗಿಳಿದರು. 2020ರ ಜನವರಿಯಲ್ಲಿ ಬಂದ ಆದೇಶ ದ್ರವದ ಡಬ್ಬಿ ಬದಲಿಸುವ ಕಾರ್ಟ್ರಿಜ್ ಮಾದರಿಗೆ ಮಾತ್ರ ತಗುಲಿತು. ಒಮ್ಮೆ ಬಳಸಿ ಬಿಸಾಡುವ ವೇಪ್‌ಗಳು ಅದರಿಂದ ತಪ್ಪಿಸಿಕೊಂಡವು, ಮಕ್ಕಳು ಅತ್ತ ತಿರುಗಿದರು.

ಸುಂಕ ಮಿತಿಮೀರಿ ಏರಿಸಿದರೆ ಏನಾಗುತ್ತದೆ ಎಂಬುದಕ್ಕೆ ಆಸ್ಟ್ರೇಲಿಯಾ ನೋಡಿ. 2019–20ರಲ್ಲಿ ತಂಬಾಕು ಸುಂಕ 1,630 ಕೋಟಿ ಆಸ್ಟ್ರೇಲಿಯನ್ ಡಾಲರ್ ಇತ್ತು, ಐದು ವರ್ಷಗಳಲ್ಲಿ ಅದರ ಅರ್ಧಕ್ಕೂ ಕೆಳಗೆ ಬಿತ್ತು. ಜನ ಸೇದುವುದು ಬಿಟ್ಟದ್ದು ಒಂದು ಪಾಲು ಮಾತ್ರ. ಕಳ್ಳ ಸಿಗರೇಟು, ಕಳ್ಳ ವೇಪ್‌ಗಳದೇ ದೊಡ್ಡ ಪಾಲು. ಆ ದಂಧೆಯ ಪೈಪೋಟಿಯಲ್ಲಿ ಮೆಲ್ಬರ್ನ್‌ನಲ್ಲಿ ಅಂಗಡಿಗಳಿಗೇ ಬೆಂಕಿ ಬಿದ್ದಿದೆ.

ನಮ್ಮ ದೇಶಕ್ಕೆ ಬರೋಣ. ಕರ್ನಾಟಕ ಇ-ಸಿಗರೇಟನ್ನು 2016ರಲ್ಲೇ ನಿಷೇಧಿಸಿತು, ಕೇಂದ್ರ 2019ರ ಸೆಪ್ಟೆಂಬರಿನಲ್ಲಿ ಸುಗ್ರೀವಾಜ್ಞೆ ತಂದು ಡಿಸೆಂಬರಿನಲ್ಲಿ ಕಾಯ್ದೆ ಮಾಡಿತು. ಮಾರಿದರೆ ಮೊದಲ ತಪ್ಪಿಗೆ ಒಂದು ವರ್ಷದವರೆಗೆ ಜೈಲು, ಒಂದು ಲಕ್ಷದವರೆಗೆ ದಂಡ. ಇದು ತೆರಿಗೆ ಉಳಿಸಲಿಕ್ಕೆ ಮಾಡಿದ್ದು ಎನ್ನಲು ಆಗಿನ ಅಂಕಿಗಳು ಒಪ್ಪುವುದಿಲ್ಲ. 2016–17ರ ರಾಷ್ಟ್ರೀಯ ತಂಬಾಕು ಸಮೀಕ್ಷೆಯಲ್ಲಿ ಇ-ಸಿಗರೇಟು ಬಳಸುವ ವಯಸ್ಕರು ಶೇ. 0.02. ಅಷ್ಟು ಜನರಿಂದ ಬೊಕ್ಕಸಕ್ಕೆ ನಷ್ಟವೇ ಇರಲಿಲ್ಲ. ಮಕ್ಕಳು ಚಟಕ್ಕೆ ಬೀಳುತ್ತಾರೆ ಎಂಬುದು ಸರ್ಕಾರ ಕೊಟ್ಟ ಕಾರಣ, ಅದರಲ್ಲಿ ಹುರುಳಿದೆ. ಆದರೆ ಸರ್ಕಾರಕ್ಕೆ ಸಿಗರೇಟಿನಲ್ಲಿ ಹಿತವೇ ಇಲ್ಲ ಎನ್ನಲೂ ಆಗದು. ಸಿಗರೇಟು ಕಂಪನಿ ಐಟಿಸಿಯಲ್ಲಿ ಸರ್ಕಾರಿ ವಿಮಾ ಸಂಸ್ಥೆ ಎಲ್‌ಐಸಿಗೆ ಶೇ. 15ರ ಸುಮಾರು ಷೇರಿದೆ. ಕೊರೊನಾ ಕಾಲದಲ್ಲಿ ರಾಜ್ಯಗಳ ಜಿಎಸ್‌ಟಿ ಪರಿಹಾರಕ್ಕಾಗಿ ಕೇಂದ್ರ ಎತ್ತಿದ 2.69 ಲಕ್ಷ ಕೋಟಿ ರೂಪಾಯಿ ಸಾಲವನ್ನು ತೀರಿಸಬೇಕಾದದ್ದು ಪರಿಹಾರ ಸೆಸ್ಸಿನಿಂದ, ಅಂದರೆ ಕೆಲವು ಸಾಮಾನುಗಳ ಮೇಲೆ ಜಿಎಸ್‌ಟಿ ಜೊತೆ ಹಾಕುತ್ತಿದ್ದ ಹೆಚ್ಚುವರಿ ತೆರಿಗೆಯಿಂದ. 2025ರ ಸೆಪ್ಟೆಂಬರಿನಲ್ಲಿ ಕಾರು, ತಂಪು ಪಾನೀಯಗಳ ಸೆಸ್ ಹೋಯಿತು. ಸಾಲ ಮುಗಿಯುವವರೆಗೆ ತಂಬಾಕಿನ ಮೇಲೆ ಮಾತ್ರ ಉಳಿಯಿತು. 2026ರ ಫೆಬ್ರುವರಿ 1ರಿಂದ ಅದರ ಜಾಗಕ್ಕೆ ಶೇ. 40 ಜಿಎಸ್‌ಟಿ, ಜೊತೆಗೆ ಉದ್ದ ನೋಡಿ ಸಾವಿರ ಸಿಗರೇಟಿಗೆ 2,050ರಿಂದ 8,500 ರೂಪಾಯಿ ಎಕ್ಸೈಸ್ ಸುಂಕ ಬಂದಿದೆ. ಇತ್ತ ಬೆಂಗಳೂರಿನಲ್ಲಿ ವೇಪ್ ಕದ್ದು ಮಾರಾಟವಾಗುತ್ತಲೇ ಇದೆ. ಅದಕ್ಕೆ ತೆರಿಗೆಯೂ ಇಲ್ಲ, ಕೊಳ್ಳುವವನ ವಯಸ್ಸು ಕೇಳುವವರೂ ಇಲ್ಲ, ಒಳಗೆ ಎಷ್ಟು ನಿಕೋಟಿನ್ ಇದೆ ಎಂದು ಅಳೆಯುವವರೂ ಇಲ್ಲ.

ಕೊನೆಗೆ ನಿಮ್ಮ ಬೆಳೆ. ವೇಪ್‌ನ ನಿಕೋಟಿನ್ ಬಹುಪಾಲು ಇನ್ನೂ ಹೊಗೆಸೊಪ್ಪಿನಿಂದಲೇ ಬರುತ್ತದೆ, ಆದರೆ ಅದು ನಿಮಗೆ ಸಮಾಧಾನದ ಮಾತಲ್ಲ. ಒಂದು ಕಿಲೋ ಎಲೆಯಿಂದ ಸುಮಾರು 70 ಪ್ಯಾಕ್ ಸಿಗರೇಟು ಆಗುತ್ತದೆ, ದಿನಕ್ಕೊಂದು ಪ್ಯಾಕ್ ಸೇದುವವನಿಗೆ ಹತ್ತು ವಾರ. ಅದೇ ಕಿಲೋದಲ್ಲಿ ಶೇ. 2 ನಿಕೋಟಿನ್ ಇದ್ದರೆ 20 ಗ್ರಾಂ ಸಿಗುತ್ತದೆ, ಅದು ಮಿಲಿಲೀಟರಿಗೆ 20 ಮಿಲಿಗ್ರಾಮಿನ ನೂರು ಬಾಟಲಿಗೆ ಸಾಕು. ವಾರಕ್ಕೆ ಮೂರರಂತೆ 33 ವಾರ. ಮೇಲಾಗಿ ನಿಕೋಟಿನ್ ತೆಗೆಯುವ ಕಾರ್ಖಾನೆಗೆ ದಂಟು, ಪುಡಿ, ಚೂರು ಎಲೆಯೂ ನಡೆಯುತ್ತದೆ. ನೀವು ಎಲೆ ಒಣಗಿಸುವ ಬ್ಯಾರನ್ನಿನ ಮುಂದೆ ನಿದ್ದೆಗೆಟ್ಟು ಹದ ಮಾಡಿದ ಬಣ್ಣಕ್ಕೆ ಅಲ್ಲಿ ಬೆಲೆಯಿಲ್ಲ.

ಬೆಳೆಗಾರನಿಗೆ ಸರ್ಕಾರ ಏನು ಮಾಡಬಹುದು ಎಂಬುದಕ್ಕೆ ಒಂದು ಉದಾಹರಣೆ ಇದೆ. ಅಮೆರಿಕ 2004ರಲ್ಲಿ ಯಾರು ಎಷ್ಟು ಬೆಳೆಯಬಹುದೆಂದು ಮಿತಿ ಹಾಕುವ ತಂಬಾಕು ಕೋಟಾ ಪದ್ಧತಿ ಕೈಬಿಟ್ಟಾಗ ಕೋಟಾ ಇದ್ದವರಿಗೆ ಪೌಂಡ್ ತೂಕಕ್ಕೆ 7 ಡಾಲರ್, ಬೆಳೆದವರಿಗೆ 3 ಡಾಲರಿನಂತೆ ಹತ್ತು ವರ್ಷ ಕಂತಿನಲ್ಲಿ ಕೊಟ್ಟಿತು. ಒಟ್ಟು ಸುಮಾರು 1,010 ಕೋಟಿ ಡಾಲರ್. ಅದನ್ನು ತಯಾರಕರಿಂದ, ಆಮದುದಾರರಿಂದ ಅವರವರ ಮಾರುಕಟ್ಟೆ ಪಾಲಿನಂತೆ ವಸೂಲು ಮಾಡಿದರು. ಒಟ್ಟು ಮೊತ್ತ ಮೊದಲೇ ನಿಗದಿಯಾಗಿತ್ತು. ಆ ಹತ್ತು ವರ್ಷಗಳಲ್ಲಿ ಸಿಗರೇಟು ಮಾರಾಟ ಇಳಿಯುತ್ತಲೇ ಹೋಯಿತು, ರೈತನ ಕಂತು ಮಾತ್ರ ಇಳಿಯಲಿಲ್ಲ.

— ಸಂಪಾದಕ