ಕಾಲು ನೆಟ್ಟಗಾಯಿತು, ಇನ್ನೂ ತಪಾಸಣೆ ಯಾಕೆ?

ಪ್ರಶ್ನೆ: ಮಗನಿಗೆ 14 ವರ್ಷ. ಮೊಣಕಾಲಿನ ಹತ್ತಿರ ಮೂಳೆ ಕ್ಯಾನ್ಸರ್ (ಆಸ್ಟಿಯೋಸಾರ್ಕೋಮಾ) ಆಗಿ, ಬೆಂಗಳೂರಿನಲ್ಲಿ ಆಪರೇಷನ್ ಮಾಡಿ ಲೋಹದ ಕೀಲು ಕೂಡಿಸಿದ್ದಾರೆ. ಕಿಮೋ ಮುಗಿದು ಐದು ತಿಂಗಳಾಯಿತು, ಆರಾಮಾಗಿ ನಡೆಯುತ್ತಾನೆ. ಆದರೂ ಮೂರು ತಿಂಗಳಿಗೊಮ್ಮೆ ಬರಬೇಕಂತೆ. ಕೂಲಿ ಬಿಟ್ಟು ಹೋಗಬೇಕು. ಬಳ್ಳಾರಿಯಲ್ಲೇ ಕಾಲಿನ ಎಕ್ಸ್‌-ರೇ ತೆಗೆಸಿದರೆ ಸಾಲದೆ? ಈಚೆಗೆ ಕರೆದರೆ ಅವನಿಗೆ ಒಮ್ಮೆಗೇ ಕೇಳಿಸುವುದೂ ಇಲ್ಲ.
— ಒಬ್ಬ ತಂದೆ, ಸಿರುಗುಪ್ಪ

ಉತ್ತರ: ಸಾಲದು. ಮನೆಯವರ ಕಣ್ಣೆಲ್ಲ ಕಾಲಿನ ಮೇಲೆ. ಆದರೆ ಈ ಕಾಯಿಲೆ ಮರುಕಳಿಸುವುದು ಹೆಚ್ಚಾಗಿ ಶ್ವಾಸಕೋಶದಲ್ಲಿ, ಅದೂ ಮೊದಲ ಎರಡು–ಮೂರು ವರ್ಷಗಳಲ್ಲಿ. ಕೆಮ್ಮು, ಆಯಾಸ ಏನೂ ಇಲ್ಲದೆಯೂ ಗಂಟು ಬೆಳೆದಿರಬಹುದು. ಒಂದೆರಡು ಸಣ್ಣ ಗಂಟು ಇರುವಾಗಲೇ ಸಿಕ್ಕರೆ ಆಪರೇಷನ್ ಮಾಡಿ ತೆಗೆಯಬಹುದು, ಗುಣವಾಗುವ ಅವಕಾಶ ಉಳಿದಿರುತ್ತದೆ. ಅದಕ್ಕೇ ಮೊದಲ 2 ವರ್ಷ ಮೂರು ತಿಂಗಳಿಗೊಮ್ಮೆ, 3ನೇ ವರ್ಷ ನಾಲ್ಕು ತಿಂಗಳಿಗೊಮ್ಮೆ, 4 ಮತ್ತು 5ನೇ ವರ್ಷ ಆರು ತಿಂಗಳಿಗೊಮ್ಮೆ, ಆಮೇಲೆ ವರ್ಷಕ್ಕೊಮ್ಮೆ ನೋಡುವುದು ರೂಢಿ.

ಶ್ವಾಸಕೋಶ ನೋಡುವ ಸ್ಕ್ಯಾನನ್ನು ಬೆಂಗಳೂರಿನಲ್ಲೇ ಮಾಡಿಸಬೇಕೆಂದೇನಿಲ್ಲ. ಎದೆಯ ಸಿಟಿ ಸ್ಕ್ಯಾನ್ ಬಳ್ಳಾರಿಯಲ್ಲಿ ಮಾಡಿಸಿ ತರಬಹುದೇ ಎಂದು ನಿಮ್ಮ ಕ್ಯಾನ್ಸರ್ ವೈದ್ಯರನ್ನೇ ಕೇಳಿ, ಚೀಟಿ ಬರೆಸಿಕೊಳ್ಳಿ. ಹಳೆಯ ಸ್ಕ್ಯಾನಿನ ಸಿಡಿ ಜೊತೆಗಿರಲೇಬೇಕು. 3 ಮಿ.ಮೀ. ಚುಕ್ಕೆಯೊಂದು ಕಂಡರೆ ಅದು ಹಳೆಯ ಟಿಬಿ ಕಲೆಯೋ ಹೊಸ ಗಂಟೋ ಎನ್ನುವುದು ಹೋಲಿಸಿ ನೋಡಿದರೇ ಗೊತ್ತಾಗುವುದು. ಬರೀ ರಿಪೋರ್ಟಿನ ಹಾಳೆ ಒಯ್ದರೆ ಮತ್ತೊಮ್ಮೆ ಸ್ಕ್ಯಾನ್ ಬರೆಯುತ್ತಾರೆ, ಖರ್ಚು ಎರಡು ಪಟ್ಟು.

ಕಾಲಿನ ಎಕ್ಸ್‌-ರೇಯಲ್ಲೂ ಒಂದು ಎಡವಟ್ಟು ಆಗುತ್ತದೆ: ಮೊಣಕಾಲಷ್ಟನ್ನೇ ತೆಗೆದು ಕಳಿಸುತ್ತಾರೆ. ಕೀಲಿನ ಸರಳು ಮೇಲೆ ತೊಡೆಯ ಮೂಳೆಯೊಳಗೂ ಕೆಳಗೆ ಕಣಕಾಲಿನ ಮೂಳೆಯೊಳಗೂ ಇಳಿದಿರುತ್ತದೆ. ಅದು ಸಡಿಲವಾದರೆ ಸರಳಿನ ಸುತ್ತ ಕಪ್ಪು ಗೆರೆ ಮೂಡುತ್ತದೆ, ಅನೇಕ ಸಲ ತುದಿಯ ಬಳಿ. ಹಾಗಾಗಿ ಎರಡೂ ತುದಿ ಕಾಣುವಂತೆ, ಮುಂದಿನಿಂದ ಮತ್ತು ಪಕ್ಕದಿಂದ ತೆಗೆಸಿ. ಕಾಲು ಕೆಂಪಾಗಿ, ಬಿಸಿಯಾಗಿ ಊದಿಕೊಂಡರೆ ಅಥವಾ ಗಾಯದಿಂದ ನೀರು ಬಂದರೆ ಊರಿನಲ್ಲಿ ಆ್ಯಂಟಿಬಯೋಟಿಕ್ ನುಂಗಿಸಿ ಕಾಯಬೇಡಿ. ಯಾವ ರೋಗಾಣು ಎಂದು ಆಮೇಲೆ ಪತ್ತೆ ಹಚ್ಚುವುದು ಕಷ್ಟ. ಆಪರೇಷನ್ ಮಾಡಿದ ವೈದ್ಯರಿಗೆ ಅಂದೇ ಫೋನ್ ಮಾಡಿ. ಎಣ್ಣೆ ಹಾಕಿ ತಿಕ್ಕುವುದು, ನಾಟಿ ಪಟ್ಟು ಕಟ್ಟಿಸುವುದು ಬೇಡವೇ ಬೇಡ.

ಕಿವಿಯ ಮಾತಿಗೆ ಬಂದರೆ, ಸಂಬಂಧ ಇರಬಹುದು. ಈ ಕಾಯಿಲೆಗೆ ಸಾಮಾನ್ಯವಾಗಿ ಕೊಡುವ ಕಿಮೋ ಔಷಧಿ ಸಿಸ್‌ಪ್ಲಾಟಿನ್ ಮೊದಲು ತೀಕ್ಷ್ಣ ಸ್ವರದ ಶಬ್ದಗಳನ್ನು ಕಸಿಯುತ್ತದೆ. ಮೇಷ್ಟ್ರ ದನಿ ಕೇಳುತ್ತದೆ, ಆದರೆ ಸ, ಶ, ತ ಬಿಟ್ಟುಹೋಗಿ ಮಾತು ತಿಳಿಯುವುದಿಲ್ಲ. ಹುಡುಗನಿಗೆ ಗಮನವಿಲ್ಲ ಎಂದು ಬೈಗುಳ ಬೀಳುತ್ತದೆ. 8000 ಹರ್ಟ್ಜ್‌ವರೆಗೆ ಶ್ರವಣ ಪರೀಕ್ಷೆ ಮಾಡಿಸಿ. ಹೋದ ಶ್ರವಣ ಸಾಮಾನ್ಯವಾಗಿ ಮರಳುವುದಿಲ್ಲ, ಶ್ರವಣ ಯಂತ್ರ ನೆರವಾಗುತ್ತದೆ.

ಅದೇ ಔಷಧಿ ಕಿಡ್ನಿಗೂ ಪೆಟ್ಟು ಕೊಡುತ್ತದೆ: ರಕ್ತದಲ್ಲಿ ಕ್ರಿಯಾಟಿನಿನ್, ಮೆಗ್ನೀಸಿಯಂ ನೋಡಿಸಿ. ನೋವೆಂದು ಮೆಡಿಕಲ್ ಶಾಪಿನಿಂದ ಡೈಕ್ಲೋಫೆನಾಕ್ ತರಬೇಡಿ. ಜ್ವರಕ್ಕೆ ಜೆಂಟಾಮೈಸಿನ್ ಅಥವಾ ಅಮಿಕಾಸಿನ್ ಇಂಜೆಕ್ಷನ್ ಕೊಡಲು ಹೊರಟರೆ ಸಿಸ್‌ಪ್ಲಾಟಿನ್ ಆಗಿದೆ ಎಂದು ಮೊದಲೇ ಹೇಳಿ. ಡಾಕ್ಸೊರುಬಿಸಿನ್ ಎಂಬ ಇನ್ನೊಂದು ಕಿಮೋ ಔಷಧಿ ಕೊಟ್ಟಿದ್ದರೆ ಹೃದಯದ ಎಕೋ ಪರೀಕ್ಷೆ ವರ್ಷಗಳ ನಂತರವೂ ಬೇಕು. ಒಟ್ಟು ಎಷ್ಟು ಕೊಟ್ಟಿದ್ದಾರೆ ಎಂಬುದನ್ನು ಡಿಸ್ಚಾರ್ಜ್ ಚೀಟಿಯಲ್ಲಿ ಬರೆಸಿ ಇಟ್ಟುಕೊಳ್ಳಿ.

ಶಾಲೆಗೆ ಕಳಿಸಿ, ಮುಂದಿನ ಬೆಂಚಿನಲ್ಲಿ ಕೂರಿಸಲು ಹೇಳಿ. ಕಬಡ್ಡಿ, ಜಿಗಿತ ಬೇಡ. ಸೈಕಲ್ ತುಳಿಯಬಹುದೇ ಎಂದು ಮುಂದಿನ ಭೇಟಿಯಲ್ಲಿ ಕೇಳಿ.