ಏಳು ಸೀಟಿನ ಗಾಡಿ: ಮೂರನೇ ಸಾಲಿಗೆ ಯಾರು?

ಪ್ರಶ್ನೆ: ಸರ್, ನಾವು ತುಮಕೂರಿನವರು, ಮನೆಯಲ್ಲಿ ಏಳು ಜನ. ನಾನು, ಹೆಂಡತಿ, ಒಂಬತ್ತು ವರ್ಷದ ಮಗ, ನಾಲ್ಕು ವರ್ಷದ ಮಗಳು, ಅಪ್ಪ, ಅಮ್ಮ, ಕಾಲೇಜಿಗೆ ಹೋಗುವ ತಂಗಿ. ಅಮ್ಮನಿಗೆ ಮಂಡಿನೋವು. ಊರು ಹೆಬ್ರಿ ಹತ್ತಿರ, ತಿಂಗಳಿಗೊಮ್ಮೆ ಶಿವಮೊಗ್ಗ, ತೀರ್ಥಹಳ್ಳಿ, ಆಗುಂಬೆ ಮೇಲೆ ಹೋಗಿಬರುತ್ತೇವೆ. ಈಗಿರುವ ಚಿಕ್ಕ ಕಾರಿನಲ್ಲಿ ಎಲ್ಲರೂ ಹಿಡಿಸುವುದಿಲ್ಲ, ಪ್ರತಿ ಸಲ ಇಬ್ಬರು ಬಸ್ಸಲ್ಲಿ ಬರಬೇಕು. ಆನ್‌ರೋಡ್ 25 ಲಕ್ಷ ದಾಟಬಾರದು. ನನಗೆ ಸ್ಕಾರ್ಪಿಯೊ-ಎನ್ ಇಷ್ಟ, ಹೆಂಡತಿಗೆ ಸಫಾರಿ. ಅಪ್ಪ ಇನ್ನೋವಾ ಬಿಟ್ಟರೆ ಬೇರೆ ಹೆಸರೇ ಎತ್ತುವುದಿಲ್ಲ. ಯಾವುದು ತಗೊಳ್ಳಲಿ?

ಉತ್ತರ: ಅಪ್ಪನ ಮಾತು ಕೇಳಿ. ಬೇಜಾರಾಗಬೇಡಿ, ಕಾರಣ ಹೇಳುತ್ತೇನೆ.

ಮೊದಲು ಒಂದು ಹಾಳೆ ತಗೊಂಡು ಯಾರು ಎಲ್ಲಿ ಕೂರುತ್ತಾರೆ ಅಂತ ಬರೆಯಿರಿ. ನೀವು ಓಡಿಸುತ್ತೀರಿ, ಪಕ್ಕದಲ್ಲಿ ಅಪ್ಪ. ಮಂಡಿನೋವಿರುವ ಅಮ್ಮ ಮೂರನೇ ಸಾಲಿಗೆ ಹತ್ತಲಾರರು, ಹಾಗಾಗಿ ಎರಡನೇ ಸಾಲು. ನಾಲ್ಕು ವರ್ಷದ ಮಗಳಿಗೆ ಮಕ್ಕಳ ಸೀಟು ಬೇಕೇ ಬೇಕು, ಅದನ್ನು ಕಚ್ಚಿಸುವ ಐಸೋಫಿಕ್ಸ್ ಕೊಕ್ಕೆ ಹೆಚ್ಚಿನ ಗಾಡಿಗಳಲ್ಲಿ ಇರುವುದು ಎರಡನೇ ಸಾಲಿನ ಎರಡು ತುದಿಯಲ್ಲಿ. ಈಗ ನೋಡಿ, ಎರಡನೇ ಸಾಲು ಉದ್ದನೆಯ ಬೆಂಚಾಗಿದ್ದರೆ ಒಂದು ಬಾಗಿಲ ಬಳಿ ಮಗುವಿನ ಸೀಟು, ಅದನ್ನು ಬಿಚ್ಚದೆ ಆ ಕಡೆಯ ಸೀಟು ಮಡಚಲಾಗುವುದಿಲ್ಲ. ಇನ್ನೊಂದು ಬಾಗಿಲ ಬಳಿ ಅಮ್ಮ. ಅಂದರೆ ತಂಗಿ ಮತ್ತು ಮಗ ಹಿಂದಕ್ಕೆ ಹೋಗಬೇಕಾದರೂ, ದಾರಿಯಲ್ಲಿ ಕಾಫಿಗೆ ಇಳಿಯಬೇಕಾದರೂ, ಮೊದಲು ಅಮ್ಮ ಇಳಿಯಬೇಕು! ಆಗುಂಬೆ ಮಳೆಯಲ್ಲಿ ಒಂದು ಸಲ ಹೀಗೆ ಮಾಡಿದರೆ ಸಾಕು, ಮುಂದಿನ ತಿಂಗಳು ಅಮ್ಮನೇ 'ನಾನು ಬಸ್ಸಲ್ಲೇ ಬರ್ತೀನಿ' ಅನ್ನುತ್ತಾರೆ.

ಇದಕ್ಕೆ ಪರಿಹಾರ ಎರಡನೇ ಸಾಲಿನಲ್ಲಿ ಎರಡು ಬಿಡಿ ಸೀಟು, ನಡುವೆ ಓಡಾಡಲು ಜಾಗ. ಶೋರೂಮಿನವರು ಕ್ಯಾಪ್ಟನ್ ಸೀಟು ಅನ್ನುತ್ತಾರಲ್ಲ, ಅದು. ಆದರೆ ಸಫಾರಿ, ಸ್ಕಾರ್ಪಿಯೊ-ಎನ್ ಎರಡರಲ್ಲೂ ಕ್ಯಾಪ್ಟನ್ ಸೀಟು ಕೇಳಿದರೆ ಗಾಡಿ ಆರು ಸೀಟಿನದಾಗುತ್ತದೆ. ನೀವು ಏಳು ಜನ. ಇನ್ನೋವಾ ಹೈಕ್ರಾಸ್‌ನ ಏಳು ಸೀಟಿನ ಮಾದರಿಯಲ್ಲಿ ಮಾತ್ರ ಲೆಕ್ಕ ಬೇರೆ: ಮುಂದೆ ಎರಡು, ನಡುವೆ ಬಿಡಿಯಾಗಿ ಎರಡು, ಹಿಂದೆ ಮೂರು. ಅಮ್ಮ ಮತ್ತು ಮಗಳು ನಡುವೆ ಕೂತಿರಲಿ, ಉಳಿದ ಮೂವರು ನಡುವಿನ ಸಂದಿಯಲ್ಲೇ ಹಿಂದೆ ಹೋಗಿ ಕೂರಬಹುದು. ನಿಮ್ಮ ಹೆಂಡತಿ ಹಿಂದೆ ಕೂರಲು ಒಪ್ಪುತ್ತಾರಾ ಅನ್ನುವುದು ಮನೆಯ ವಿಷಯ, ಅದಕ್ಕೆ ನಾನು ಬರುವುದಿಲ್ಲ.

ಇನ್ನು ಲಗೇಜು. ಏಳು ಜನ ಊರಿಗೆ ಹೋಗಿ ಬರುವಾಗ ಹಲಸಿನಕಾಯಿ, ತೆಂಗಿನಕಾಯಿ, ಕುಚ್ಚಲಕ್ಕಿ ಚೀಲ ಎಲ್ಲಾ ಬರುತ್ತದೆ ಅಲ್ವಾ? ಮೂರೂ ಸಾಲು ಎತ್ತಿಟ್ಟಾಗ ಹೈಕ್ರಾಸ್ ಹಿಂದೆ ಸುಮಾರು 300 ಲೀಟರ್ ಜಾಗ ಉಳಿಯುತ್ತದೆ. ಸಫಾರಿಯಲ್ಲಿ ಉಳಿಯುವುದು 73 ಲೀಟರ್. ವಿಮಾನದೊಳಗೆ ತಗೊಂಡು ಹೋಗುವ ಪುಟ್ಟ ಟ್ರಾಲಿ ಬ್ಯಾಗೇ 35-40 ಲೀಟರ್ ಇರುತ್ತದೆ, ನೀವೇ ಲೆಕ್ಕ ಹಾಕಿ. ಸ್ಕಾರ್ಪಿಯೊ-ಎನ್ ಕಥೆಯೂ ಅಷ್ಟೇ, ಹಿಂದಿನ ಬಾಗಿಲು ಮುಚ್ಚಿದರೆ ಸೀಟಿನ ಬೆನ್ನಿಗೇ ತಾಗುವ ಹಾಗಿದೆ. ಓಡಿಸುವವನಿಗೆ ಅದು ಬಹಳ ಖುಷಿ ಕೊಡುವ ಗಾಡಿ, ನನಗೂ ಇಷ್ಟ. ಆದರೆ ಅದರ ಮೂರನೇ ಸಾಲಿನಲ್ಲಿ ಕೂತು ತುಮಕೂರಿನಿಂದ ಹೆಬ್ರಿಗೆ ಹೋಗು ಅಂದರೆ ನಾನು ಬರುವುದಿಲ್ಲ.

ಹೋದ ವರ್ಷ ಆಗುಂಬೆಯ 14 ತಿರುವು ಇಳಿಯುವಾಗ ನಮ್ಮ ಅಕ್ಕನ ಮಗ ಮೂರನೇ ಸಾಲಿನಲ್ಲಿದ್ದ. ಏಳನೇ ತಿರುವಿಗೆ ವಾಂತಿ. ಅದಕ್ಕೂ ಕಾರಣ ಇದೆ. ಮೂರನೇ ಸಾಲು ಹಿಂದಿನ ಚಕ್ರದ ಮೇಲೆಯೇ ಬರುತ್ತದೆ, ಹಾಗಾಗಿ ಗುಂಡಿಯ ಏಟು, ತಿರುವಿನ ಓಲಾಟ ಎಲ್ಲಾ ಅಲ್ಲಿ ಜಾಸ್ತಿ. ಗಾಡಿ ಎತ್ತರವಾದಷ್ಟೂ ಓಲಾಟ ಇನ್ನೂ ಜಾಸ್ತಿ, ಕಿಟಕಿ ಚಿಕ್ಕದು, ಎಸಿ ಗಾಳಿ ಕಮ್ಮಿ. ಟೆಸ್ಟ್ ಡ್ರೈವ್ ಅಂತ ಎಲ್ಲರೂ ಸ್ಟೀರಿಂಗ್ ಹಿಡಿದು ಒಂದು ಸುತ್ತು ಹಾಕಿ ಬರುತ್ತಾರೆ. ನೀವು ಇನ್ನೊಂದು ಸುತ್ತು ಹಿಂದೆ ಕೂತು ಹೋಗಿ, ಅದೂ ಹಂಪು ಇರುವ ರಸ್ತೆಯಲ್ಲಿ. ಮೊಣಕಾಲು ಎದೆಗೆ ಬರುತ್ತದಾ, ತೊಡೆಗೆ ಆಸರೆ ಇದೆಯಾ, ಹಿಂದೆ ಎಸಿ ಕಿಂಡಿ ಇದೆಯಾ ಅಂತ ಗೊತ್ತಾಗುತ್ತದೆ. ಅಮ್ಮನನ್ನೂ ಕರ್ಕೊಂಡು ಹೋಗಿ, ಹತ್ತಿ ಇಳಿದು ನೋಡಲಿ. ಎರಡು ಸೂಟ್‌ಕೇಸೂ ಮನೆಯಿಂದಲೇ ಒಯ್ಯಿರಿ. ಸೇಲ್ಸ್‌ನವರು ನಕ್ಕರೆ ನಗಲಿ ಬಿಡಿ, ದುಡ್ಡು ನಿಮ್ಮದು.

ಸುರಕ್ಷತೆ ವಿಷಯದಲ್ಲಿ ಸಫಾರಿ ಒಳ್ಳೆಯ ಗಾಡಿ, 2023ರಲ್ಲಿ ಗಾಡಿ ಗುದ್ದಿಸಿ ನೋಡುವ ಗ್ಲೋಬಲ್ ಎನ್‌ಕ್ಯಾಪ್, ಭಾರತ್ ಎನ್‌ಕ್ಯಾಪ್ ಪರೀಕ್ಷೆ ಎರಡರಲ್ಲೂ 5 ಸ್ಟಾರ್ ತಗೊಂಡಿದೆ. ಸ್ಕಾರ್ಪಿಯೊ-ಎನ್‌ಗೂ ಗ್ಲೋಬಲ್ ಎನ್‌ಕ್ಯಾಪ್‌ನ 5 ಸ್ಟಾರ್ ಇದೆ. ಒಂದು ವಿಷಯ ಮಾತ್ರ ನೆನಪಿರಲಿ. ಈ ಪರೀಕ್ಷೆಗಳಲ್ಲಿ ಬೊಂಬೆಗಳನ್ನು ಕೂರಿಸುವುದು ಮುಂದಿನ ಮತ್ತು ಎರಡನೇ ಸಾಲಿನಲ್ಲಿ. ಹಿಂದಿನಿಂದ ಲಾರಿ ಬಂದು ಗುದ್ದಿದರೆ ಏನಾಗುತ್ತದೆ ಅಂತ ಅದರಲ್ಲಿ ನೋಡುವುದಿಲ್ಲ. ಹಾಗಾಗಿ ಯಾವ ಗಾಡಿಯಾದರೂ ಕೊನೆಯ ಸಾಲಿನ ತಲೆಯ ಹಿಂದೆ ಎಷ್ಟು ಜಾಗ ಇದೆ, ಪಕ್ಕದ ಪರದೆ ಏರ್‌ಬ್ಯಾಗ್ ಅಲ್ಲಿಯವರೆಗೂ ಬರುತ್ತದಾ, ಎಲ್ಲಾ ಸೀಟಿಗೂ ಭುಜದ ಮೇಲೆ ಬರುವ ಬೆಲ್ಟ್ ಇದೆಯಾ ಅಂತ ಕೇಳಿಯೇ ಬುಕ್ ಮಾಡಿ.

ದುಡ್ಡಿನ ಲೆಕ್ಕ. ನಮ್ಮ ರಾಜ್ಯದಲ್ಲಿ ಲೈಫ್ ಟ್ಯಾಕ್ಸ್ ದುಬಾರಿ. 10ರಿಂದ 20 ಲಕ್ಷದ ಗಾಡಿಗೆ 17%, 20 ಲಕ್ಷ ದಾಟಿದರೆ 18%, ಆ ತೆರಿಗೆಯ ಮೇಲೆ ಮತ್ತೆ 11% ಸೆಸ್. ಎಕ್ಸ್‌ಶೋರೂಂ 20 ಲಕ್ಷ ಅಂದರೆ 3,40,000 ತೆರಿಗೆ, 37,400 ಸೆಸ್. ಜೊತೆಗೆ 1% ಟಿಸಿಎಸ್, ಅಂದರೆ ಶೋರೂಮಿನವರು ಮೊದಲೇ ಹಿಡಿದುಕೊಳ್ಳುವ ಆದಾಯ ತೆರಿಗೆ, ಅದನ್ನು ಐಟಿ ರಿಟರ್ನ್ಸ್‌ನಲ್ಲಿ ಹೊಂದಿಸಿಕೊಳ್ಳಬಹುದು. ಇನ್ಶೂರೆನ್ಸ್ ಸೇರಿದರೆ 25 ಲಕ್ಷಕ್ಕೆ ಬಂತು. ಅಂದರೆ ನಿಮ್ಮ ಗಾಡಿಯ ಎಕ್ಸ್‌ಶೋರೂಂ ಬೆಲೆ 20 ಲಕ್ಷದ ಒಳಗಿರಬೇಕು. ಪೆಟ್ರೋಲ್ ಜೊತೆ ಬ್ಯಾಟರಿಯಲ್ಲೂ ಓಡುವ ಹೈಕ್ರಾಸ್‌ನ ಹೈಬ್ರಿಡ್ ಇದರಲ್ಲಿ ಬರುವುದಿಲ್ಲ, ಬರೀ ಪೆಟ್ರೋಲಿನ ಕೆಳಗಿನ ಮಾದರಿ ಬರುತ್ತದೆ. ಸನ್‌ರೂಫ್ ಇರುವುದಿಲ್ಲ, ಏಳು ಜನ ತುಂಬಿ ಘಾಟಿ ಹತ್ತುವಾಗ ಇಂಜಿನ್ ಸ್ವಲ್ಪ ಕೂಗುತ್ತದೆ, ಪೆಟ್ರೋಲೂ ಕುಡಿಯುತ್ತದೆ. ಅದು ಬೇಡ ಅಂದರೆ ಕಿಯಾ ಕಾರೆನ್ಸ್ ಕ್ಲಾವಿಸ್ ಡೀಸೆಲ್ ನೋಡಿ. ಕೆಲವು ಲಕ್ಷ ಉಳಿಯುತ್ತದೆ, ಮೇಲಿನ ಮಾದರಿಗಳಲ್ಲಿ ಒಂದು ಗುಂಡಿ ಒತ್ತಿದರೆ ಎರಡನೇ ಸಾಲಿನ ಸೀಟು ತಾನಾಗಿ ಮುಂದಕ್ಕೆ ಮಗುಚಿಕೊಳ್ಳುತ್ತದೆ. ಆದರೆ ಏಳು ಸೀಟಿನದರಲ್ಲಿ ಬೆಂಚೇ ಇರುವುದು, ಅಮ್ಮ ಇಳಿಯುವ ತಾಪತ್ರಯ ಹೋಗುವುದಿಲ್ಲ.

ಇವೆರಡೂ 'ಎಸ್‌ಯುವಿ ಥರ ಕಾಣಲ್ಲ' ಅಂತ ನೀವು ಅನ್ನಬಹುದು. ಹೌದು, ಕಾಣುವುದಿಲ್ಲ.

ಪ್ರಶ್ನೆ: ಬೆಂಗಳೂರಲ್ಲಿ ಮನೆಯಿಂದ ಆಫೀಸಿಗೆ 8 ಕಿ.ಮೀ. ದಿನಾ ಅಷ್ಟೇ ಓಡಾಟ. ಮೈಲೇಜು ಚೆನ್ನಾಗಿದೆ ಅಂತ ಏಳು ಸೀಟಿನ ಡೀಸೆಲ್ ತಗೊಳ್ಳೋಣ ಅಂತಿದ್ದೇನೆ. ಸರಿನಾ?

ಉತ್ತರ: ಬೇಡ. ಈಗಿನ ಬಿಎಸ್6 ಡೀಸೆಲ್ ಗಾಡಿಗಳ ಹೊಗೆಕೊಳವೆ ದಾರಿಯಲ್ಲಿ ಡಿಪಿಎಫ್ ಅಂತ ಒಂದು ಜಾಲರಿ ಇರುತ್ತದೆ. ಇಂಜಿನ್ನಿನ ಮಸಿ ಅಲ್ಲಿ ಕಟ್ಟಿಕೊಳ್ಳುತ್ತದೆ. ಗಾಡಿ ಹೈವೇಯಲ್ಲಿ ಸ್ವಲ್ಪ ಹೊತ್ತು ಒಂದೇ ಸಮ ಓಡಿದರೆ ಬಿಸಿಗೆ ಆ ಮಸಿ ಸುಟ್ಟುಹೋಗುತ್ತದೆ. ಸಿಲ್ಕ್ ಬೋರ್ಡ್ ಜಂಕ್ಷನ್‌ನಲ್ಲಿ ತೆವಳುವ ಗಾಡಿಗೆ ಆ ಬಿಸಿ ಎಲ್ಲಿಂದ ಬರಬೇಕು? ಜಾಲರಿ ಕಟ್ಟಿಕೊಂಡು ಡ್ಯಾಶ್‌ಬೋರ್ಡಲ್ಲಿ ದೀಪ ಹತ್ತುತ್ತದೆ, ಅದನ್ನು ನೋಡಿಯೂ ಸುಮ್ನಿದ್ದರೆ ವರ್ಕ್‌ಶಾಪ್ ಖರ್ಚು ದೊಡ್ಡದಾಗುತ್ತದೆ. ವಾರಕ್ಕೊಮ್ಮೆ ಮೈಸೂರು ಕಡೆಗೋ ಹಾಸನದ ಕಡೆಗೋ ಹೋಗುವವರಾದರೆ ಡೀಸೆಲ್ ಧಾರಾಳವಾಗಿ ತಗೊಳ್ಳಿ. ನಿಮ್ಮ ಓಡಾಟಕ್ಕೆ ಪೆಟ್ರೋಲ್ ಸಾಕು. ದುಡ್ಡು ಇದ್ದರೆ ಹೈಬ್ರಿಡ್, ಟ್ರಾಫಿಕ್‌ನಲ್ಲಿ ತೆವಳುವಾಗ ಅದರ ಇಂಜಿನ್ ಆಫ್ ಆಗಿ ಬ್ಯಾಟರಿಯಲ್ಲೇ ಓಡುತ್ತದೆ.

ಪ್ರಶ್ನೆ: ನಾವು ಹುಬ್ಬಳ್ಳಿಯಲ್ಲಿ ನಾಲ್ಕೇ ಜನ. ದಸರಾಕ್ಕೆ, ಬೇಸಿಗೆ ರಜೆಗೆ ತಮ್ಮನ ಮನೆಯವರು ಬರುತ್ತಾರೆ ಅಂತ ಮೂರು ಸಾಲಿನ ಗಾಡಿ ಯೋಚನೆ.

ಉತ್ತರ: ವರ್ಷಕ್ಕೆ ಎರಡು ಸಲಕ್ಕಾಗಿ ಉಳಿದ ದಿನವೆಲ್ಲಾ ನಾಲ್ಕೂವರೆ ಮೀಟರಿನ ಗಾಡಿಗೆ ಪಾರ್ಕಿಂಗ್ ಹುಡುಕುತ್ತೀರಾ? ಐದು ಸೀಟಿನದು ತಗೊಳ್ಳಿ. ತಮ್ಮ ಬಂದಾಗ ಹಳದಿ ಬೋರ್ಡಿನ ಇನ್ನೋವಾ, ಡ್ರೈವರ್ ಸಮೇತ ಮಾಡಿಸಿ. ನೀವೂ ಹಿಂದೆ ಕೂತು ಹರಟೆ ಹೊಡೆಯಬಹುದು.