ಗಬ್ಬದ ಹಸುವಿಗೆ ಸೆಲೆನಿಯಂ ಪುಡಿ ಕೊಡಬೇಕೆ? ಎಷ್ಟು?

ನಿಮ್ಮ ಜೆರ್ಸಿ ಮಿಶ್ರತಳಿ ಹಸುವಿಗೆ ಕಳೆದ ಸಲ ಕರು ಹಾಕಿದಾಗ ಕಸ (ಮಾಸು) ಬೀಳಲಿಲ್ಲ, ಈಗ ಏಳು ತಿಂಗಳ ಗಬ್ಬ, ಹೊಸನಗರದ ಕಡೆ ಭತ್ತದ ಹುಲ್ಲು, ತೌಡು, ಹಿಂಡಿಯೇ ಮೇವು, ಅಂಗಡಿಯವರು ಸೆಲೆನಿಯಂ ಪುಡಿ ಕೊಡಿ ಎನ್ನುತ್ತಿದ್ದಾರೆ ಎಂದು ಬರೆದಿದ್ದೀರಿ. ಕೊಡಬಹುದು. ಆದರೆ ಸೆಲೆನಿಯಂ ಎಂಬ ಈ ಖನಿಜದಿಂದ ಉಪಯೋಗ ಕಾಣುವುದು ಕೊರತೆ ಇರುವ ಹಸುವಿನಲ್ಲಿ. ಹೆಚ್ಚಾದರೆ ಅದೇ ವಿಷ. ಹಾಗಾಗಿ ಪುಡಿ ತರುವ ಮೊದಲು ಈಗ ಎಷ್ಟು ಹೊಟ್ಟೆಗೆ ಹೋಗುತ್ತಿದೆ ಎಂದು ಲೆಕ್ಕ ಹಾಕಿ.

ಜೀವಕೋಶಗಳಲ್ಲಿ ಪೆರಾಕ್ಸೈಡ್‌ಗಳು ಹುಟ್ಟುತ್ತಲೇ ಇರುತ್ತವೆ. ಅವನ್ನು ಮುರಿದು ನಿರುಪದ್ರವಿ ಮಾಡುವ ಗ್ಲುಟಾಥಯೋನ್ ಪೆರಾಕ್ಸಿಡೇಸ್ ಎಂಬ ಕಿಣ್ವಕ್ಕೆ ಸೆಲೆನಿಯಂ ಬೇಕೇ ಬೇಕು. 1973ರಲ್ಲಿ ಇದು ಖಚಿತವಾಯಿತು. ಕೋಶದ ಪೊರೆಯಲ್ಲಿರುವ ಕೊಬ್ಬು ಕೆಡದಂತೆ ಕಾಯುವುದು ವಿಟಮಿನ್ ಇ. ಎರಡೂ ಒಂದಕ್ಕೊಂದು ಆಸರೆ. ರೋಗಾಣು ಕೊಲ್ಲುವ ಬಿಳಿ ರಕ್ತಕಣಗಳು ತಾವೇ ಉತ್ಪಾದಿಸುವ ಪೆರಾಕ್ಸೈಡ್‌ನಿಂದ ತಮ್ಮನ್ನು ಕಾಪಾಡಿಕೊಳ್ಳಲು ಇವೆರಡನ್ನೂ ಬಳಸುತ್ತವೆ. ಕರು ಹಾಕಿದ ಮೇಲೆ ಕಸ ಸಡಿಲವಾಗಿ ಬೀಳುವುದರಲ್ಲೂ ಈ ಕಣಗಳ ಪಾತ್ರವಿದೆ. ಅವು ಸೊರಗಿದಾಗ ಕಸ ನಿಲ್ಲುತ್ತದೆ, ಹಿಂದೆಯೇ ಕೆಚ್ಚಲು ಬಾವು ಬರುತ್ತದೆ. ಕರುವಿನಲ್ಲಾದರೆ ಸ್ನಾಯು ಬಿಳಿಚಿ, ಎದ್ದು ನಿಲ್ಲಲೂ ಆಗುವುದಿಲ್ಲ.

ಮಲೆನಾಡಿನಲ್ಲಿ ಈ ಅನುಮಾನಕ್ಕೆ ಕಾರಣವಿದೆ. ಹುಳಿ ಮಣ್ಣಿನಲ್ಲಿ, ಅದರಲ್ಲೂ ಕಬ್ಬಿಣ ಹೆಚ್ಚಿರುವ ಜಂಬಿಟ್ಟಿಗೆ ಮಣ್ಣಿನಲ್ಲಿ, ಸೆಲೆನಿಯಂ ಕಬ್ಬಿಣಕ್ಕೆ ಅಂಟಿಕೊಂಡು ಗಿಡಕ್ಕೆ ಸುಲಭವಾಗಿ ಸಿಗುವುದಿಲ್ಲ. ಒಣಹುಲ್ಲಿನಲ್ಲಿ ವಿಟಮಿನ್ ಇ ಕೂಡ ಅತ್ಯಲ್ಪ. ಪಂಜಾಬಿನ ಹೋಶಿಯಾರ್‌ಪುರ, ನವಾಂಶಹರದ ಕೆಲವು ಊರುಗಳಲ್ಲಿ ಇದಕ್ಕೆ ಪೂರ್ತಿ ತದ್ವಿರುದ್ಧ: ಮಣ್ಣಲ್ಲೇ ಸೆಲೆನಿಯಂ ಅತಿಯಾಗಿ ದನ-ಎಮ್ಮೆಗಳ ಗೊರಸು ಕೆಡುತ್ತದೆ. ಬೇರೆ ಊರಿನವರ ಪ್ರಮಾಣವನ್ನು ಹಾಗೇ ತಂದು ಹಾಕಬಾರದು ಎನ್ನುವುದು ಇದಕ್ಕೇ.

ಈಗ ಲೆಕ್ಕ. ತಿನ್ನುವ ಒಟ್ಟು ಮೇವಿನ ಪ್ರತಿ ಕೆಜಿ ಒಣಾಂಶಕ್ಕೆ (ನೀರಿನಂಶ ಕಳೆದು ಉಳಿಯುವ ತೂಕ) 0.3 ಮಿಲಿಗ್ರಾಂ ಸೆಲೆನಿಯಂ ಸಾಕು. 350 ಕೆಜಿ ತೂಕದ, ಹಾಲು ಬತ್ತಿಸಿದ ಹಸು ದಿನಕ್ಕೆ ಸುಮಾರು 7 ಕೆಜಿ ಒಣಾಂಶ ತಿನ್ನುತ್ತದೆ ಎಂದರೆ ಬೇಕಿರುವುದು 2.1 ಮಿಲಿಗ್ರಾಂ. 150 ಕೆಜಿಯ ಮಲೆನಾಡು ಗಿಡ್ಡ ತಳಿಯ ಸಣ್ಣ ಹಸುವಿಗೆ 1 ಮಿಲಿಗ್ರಾಂ ಆಸುಪಾಸು. ಅದೇ ಚಮಚದಲ್ಲಿ ಅದಕ್ಕೂ ಅಳೆದು ಹಾಕಬೇಡಿ. ಖನಿಜ ಮಿಶ್ರಣದ ಚೀಲದ ಹಿಂಭಾಗ ಓದಿ. ಸೆಲೆನಿಯಂ 0.001% ಎಂದಿದ್ದರೆ ಕೆಜಿಗೆ 10 ಮಿಲಿಗ್ರಾಂ. ದಿನಕ್ಕೆ 50 ಗ್ರಾಂ ಕೊಟ್ಟರೆ ಹೋಗುವುದು ಅರ್ಧ ಮಿಲಿಗ್ರಾಂ. 0.003% ಇದ್ದರೆ ಒಂದೂವರೆ. ಹೆಸರೇ ಇಲ್ಲದಿದ್ದರೆ ಸೊನ್ನೆ ಎಂದೇ ಹಿಡಿಯಿರಿ. ಚೀಲದ ಪಶು ಆಹಾರ ಕೊಡುತ್ತಿದ್ದರೆ ಅದರಲ್ಲಿರುವುದನ್ನೂ ಕೂಡಿಸಿ. ಕಡಿಮೆ ಬಿದ್ದಷ್ಟನ್ನು ಮಾತ್ರ ಪುಡಿಯಿಂದ ತುಂಬಿಸಿ.

ಹೆಚ್ಚು ಜನ ಎಡವುವುದು ಇಲ್ಲಿ: ಖನಿಜ ಮಿಶ್ರಣ, ಲಿವರ್ ಟಾನಿಕ್, ಸೆಲೆನಿಯಂ ಪುಡಿ, ಮೇಲೊಂದು ಇಂಜೆಕ್ಷನ್, ಎಲ್ಲದರಲ್ಲೂ ಸೆಲೆನಿಯಂ. ಸೆಲೆನಿಯಂನ ಲವಣವಾದ ಸೋಡಿಯಂ ಸೆಲೆನೈಟನ್ನು ಬಿಡಿಯಾಗಿ ತಂದು ಮನೆಯಲ್ಲಿ ಬೆರೆಸುವ ಯೋಚನೆ ಖಂಡಿತ ಬೇಡ. ಅದರ ಒಂದು ಗ್ರಾಂನಲ್ಲಿ ಸುಮಾರು 450 ಮಿಲಿಗ್ರಾಂ ಸೆಲೆನಿಯಂ ಇರುತ್ತದೆ, ಅಂದರೆ ನಿಮ್ಮ ಹಸುವಿಗೆ ಆರು ತಿಂಗಳಿಗೂ ಮಿಕ್ಕುವಷ್ಟು. ಕೈಯಲ್ಲಿ ಕಲಸಿದರೆ ಒಂದು ಹಿಡಿಯಲ್ಲಿ ಏನೂ ಇರುವುದಿಲ್ಲ, ಮತ್ತೊಂದರಲ್ಲಿ ಜೀವ ತೆಗೆಯುವಷ್ಟಿರುತ್ತದೆ. ಬಾಲದ ಕುಚ್ಚಿನ ಕೂದಲು ಉದುರಿ, ಗೊರಸಿನಲ್ಲಿ ಅಡ್ಡ ಬಿರುಕು ಕಂಡು, ಹಸು ಕುಂಟತೊಡಗಿದರೆ ಎಲ್ಲವನ್ನೂ ನಿಲ್ಲಿಸಿ ವೈದ್ಯರನ್ನು ಕರೆಸಿ. ಉಸಿರು ಬೆಳ್ಳುಳ್ಳಿ ವಾಸನೆ ಬಂದು ಏದುಸಿರು ಬಿಟ್ಟರೆ ತಡ ಮಾಡಲೇಬೇಡಿ.

ಯೀಸ್ಟ್ ರೂಪದ ಸೆಲೆನಿಯಂ ತುಸು ದುಬಾರಿ, ಆದರೆ ಹಾಲಿಗೂ ಹೊಟ್ಟೆಯ ಕರುವಿಗೂ ಹೆಚ್ಚು ದಾಟುತ್ತದೆ. ಗಬ್ಬದ ಹಸುವಿಗೆ ನಾನು ಹೇಳುವುದು ಅದನ್ನೇ. ಲೆಕ್ಕದಲ್ಲಿ ಕಡಿಮೆ ಬಿದ್ದರೆ ಇಂದೇ ಶುರು ಮಾಡಿ. ಹೊಸ ಕೆಂಪು ರಕ್ತಕಣ ಹುಟ್ಟುವಾಗಲೇ ಅದರೊಳಗೆ ಕಿಣ್ವ ಸೇರುವುದರಿಂದ ರಕ್ತದಲ್ಲಿ ಪರಿಣಾಮ ಕಾಣಲು ವಾರಗಳು ಹಿಡಿಯುತ್ತವೆ. ಹಸಿ ಹುಲ್ಲು ಸಾಲದಿದ್ದರೆ ಜೊತೆಗೆ ದಿನಕ್ಕೆ 500–600 ಐಯು (ವಿಟಮಿನ್ ಅಳೆಯುವ ಅಂತರರಾಷ್ಟ್ರೀಯ ಮಾನ) ವಿಟಮಿನ್ ಇ ಸೇರಿಸಿ. ಕಮಟು ವಾಸನೆಯ ತೌಡನ್ನು ಬಿಟ್ಟುಬಿಡಿ, ಅದರ ಕೆಟ್ಟ ಎಣ್ಣೆ ಈ ವಿಟಮಿನ್ನನ್ನೇ ನುಂಗಿಹಾಕುತ್ತದೆ. ಕರು ಹಾಕುವ ಮೂರು ವಾರ ಮೊದಲು ಸೆಲೆನಿಯಂ–ಇ ಇಂಜೆಕ್ಷನ್ ಕೊಡುವ ಪದ್ಧತಿಯೂ ಇದೆ. ಅದು ವೈದ್ಯರ ನಿರ್ಧಾರ. ತಿನ್ನಿಸುತ್ತಿರುವ ಪುಡಿಯ ವಿಷಯ ಅವರಿಗೆ ಮೊದಲೇ ತಿಳಿಸಿ.

ಕಸ ನಿಲ್ಲಲು ಸೆಲೆನಿಯಂ ಒಂದೇ ಕಾರಣವಲ್ಲ. ಕ್ಯಾಲ್ಸಿಯಂ ಕೊರತೆ, ಅವಳಿ ಕರು, ಕಷ್ಟದ ಹೆರಿಗೆ, ಬ್ರುಸೆಲ್ಲಾ ರೋಗ ಎಲ್ಲವೂ ಇರಬಹುದು. ಬ್ರುಸೆಲ್ಲಾ ಮನುಷ್ಯರಿಗೂ ಅಂಟುತ್ತದೆ, ಆದ್ದರಿಂದ ಈ ಸಲವೇ ರಕ್ತ ಪರೀಕ್ಷೆ ಮಾಡಿಸಿ. ಕರು ಹಾಕಿ 24 ಗಂಟೆಯಾದರೂ ಕಸ ಬೀಳದಿದ್ದರೆ ಎಳೆಯಬೇಡಿ, ಕಲ್ಲು ಕಟ್ಟಿ ತೂಗುಬಿಡಬೇಡಿ, ಬರಿಗೈಯಲ್ಲಂತೂ ಮುಟ್ಟಲೇಬೇಡಿ. ವೈದ್ಯರಿಗೆ ಫೋನ್ ಮಾಡಿ.